ಭಕ್ತರೇ ಹೊರಟುಹೋದ ಮೇಲೂ ಉಳಿದ ಗುಡಿ

ಕ್ಯಾಲಿಫೋರ್ನಿಯಾದ ಉತ್ತರ ಭಾಗದ ಬೆಟ್ಟಗಳ ನಡುವೆ ವೀವರ್‌ವಿಲ್ ಅನ್ನುವ ಸಣ್ಣ ಊರಿದೆ. ಅಲ್ಲೊಂದು ಮರದ ತಾವೊ ಗುಡಿ. ತಾವೊ ಅಂದರೆ ಚೀನಾದ ಒಂದು ಹಳೆಯ ಧರ್ಮ. ಕಟ್ಟಿದ್ದು 1874ರಲ್ಲಿ. ಆ ರಾಜ್ಯದಲ್ಲಿ ಇಂದಿಗೂ ಪೂಜೆ ನಡೆಯುತ್ತಿರುವ ಚೀನೀ ಗುಡಿಗಳಲ್ಲಿ ಇದೇ ತೀರ ಹಳೆಯದು ಎನ್ನುತ್ತಾರೆ. ಮರದ ಗುಡಿಗೆ ಬೆಂಕಿಯ ಭಯ ಇದ್ದೇ ಇರುತ್ತದೆ. ಆದರೆ ಇದಕ್ಕೆ ದೊಡ್ಡ ಪೆಟ್ಟು ಕೊಟ್ಟಿದ್ದು ಬೆಂಕಿಯಲ್ಲ, ಕಾನೂನು.

1850ರ ಹೊತ್ತಿಗೆ ಈ ಕಡೆ ಚಿನ್ನ ಸಿಕ್ಕಿತು. ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಕಡೆಯಿಂದ ಜನ ಬಂದರು. ಒಂದು ಕಾಲಕ್ಕೆ ವೀವರ್‌ವಿಲ್‌ನಲ್ಲಿ ಸುಮಾರು 2,000 ಚೀನೀಯರು ಇದ್ದರಂತೆ. ಬಿಳಿಯರು ಬೇಡವೆಂದು ಬಿಟ್ಟ ಜಾಗವನ್ನೂ ಅಗೆದರು. 1852ರಿಂದ ವಿದೇಶಿ ಗಣಿಗಾರ ಅಂತ ತಿಂಗಳಿಗೆ 3 ಡಾಲರ್ ತೆರಿಗೆಯನ್ನೂ ಕಟ್ಟಬೇಕಾಯಿತು. ಅಂಥ ಜನ ಕಟ್ಟಿಕೊಂಡಿದ್ದ ಮೊದಲ ಗುಡಿ 1873ರಲ್ಲಿ ಸುಟ್ಟುಹೋಯಿತು. ಮರುವರ್ಷವೇ ಹೊಸದು ಎದ್ದಿತು! ಬಾಗಿಲ ಒಳಗೆ ಎತ್ತರದ ಮರದ ಪರದೆಗಳಿವೆ. ದುಷ್ಟಶಕ್ತಿಗಳು ನೇರ ದಾರಿಯಲ್ಲಷ್ಟೇ ಚಲಿಸುತ್ತವೆ, ಅಡ್ಡ ತಡೆದರೆ ಒಳಗೆ ಬರಲಾರವು ಅನ್ನುವುದು ನಂಬಿಕೆ.

ಆಮೇಲೆ ಕಾನೂನುಗಳು ಬಂದವು. 1875ರ ಪೇಜ್ ಕಾಯ್ದೆಯಿಂದ ಚೀನೀ ಹೆಂಗಸರಿಗೆ ಅಮೆರಿಕಕ್ಕೆ ಬರುವುದೇ ಕಷ್ಟವಾಯಿತು. 1882ರ ಕಾಯ್ದೆ ಚೀನೀ ಕೂಲಿಕಾರರನ್ನೇ ತಡೆಯಿತು. ಹೆಂಡತಿ ಬರುವಂತಿಲ್ಲ, ಹೊಸಬರು ಬರುವಂತಿಲ್ಲ. ಸಂಸಾರ ಬೆಳೆಯುವುದು ಹೇಗೆ? ಇದ್ದವರಿಗೆ ವಯಸ್ಸಾಯಿತು. ಕೆಲವರು ಚೀನಾಕ್ಕೆ ಮರಳಿದರು, ಕೆಲವರು ಇಲ್ಲೇ ತೀರಿಕೊಂಡರು. 1943ರಲ್ಲಿ ನಿಷೇಧ ಹೋಯಿತು. ಆದರೆ ವರ್ಷಕ್ಕೆ ಬಿಟ್ಟಿದ್ದು 105 ಜನರನ್ನು ಮಾತ್ರ. ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಗುಳೆ ಹೋದ ಮೇಲೆ ಗುಡಿ ಪಾಳು ಬೀಳುವಂತೆ ಇದೂ ಬೀಳಬೇಕಿತ್ತು.

ಬೀಳಲಿಲ್ಲ. 1930ರ ದಶಕದಲ್ಲಿ ಕಳ್ಳರು ನುಗ್ಗಿ ಒಳಗಿನ ವಸ್ತುಗಳನ್ನು ಹೊತ್ತೊಯ್ದಾಗ ಊರಿನ ಜನ ಎಚ್ಚೆತ್ತರು. ಗುಡಿಗೆ ದೇಣಿಗೆ ಕೊಟ್ಟಿದ್ದವರೊಬ್ಬರ ಮೊಮ್ಮಗ ಮೂನ್ ಲೀ ಅಲ್ಲೇ ವ್ಯಾಪಾರ ಮಾಡುತ್ತಿದ್ದರು. 1938ರಲ್ಲಿ ಉಸ್ತುವಾರಿ ಅವರ ಕೈಗೆ ಬಂತು. 1956ರಲ್ಲಿ ಗುಡಿ ರಾಜ್ಯದ ಐತಿಹಾಸಿಕ ಉದ್ಯಾನವಾಯಿತು, ಅಂದರೆ ರಾಜ್ಯ ಸರ್ಕಾರವೇ ಕಾಯುವ ಸ್ಮಾರಕ. ಬರೀ ಮ್ಯೂಸಿಯಂ ಮಾಡಿಬಿಡುವುದು ಸುಲಭವಿತ್ತು. ಪೂಜೆಯನ್ನೂ ಉಳಿಸಿದ್ದಾರೆ. ನನ್ನ ಪ್ರಕಾರ ಇಡೀ ಕತೆಯಲ್ಲಿ ಜಾಸ್ತಿ ಬೆಲೆಬಾಳುವುದು ಇದೇ.

ಸರ್ಕಾರದ ಕೈಗೆ ಹೋದ ಮೇಲೆ ಚಿಂತೆಯಿಲ್ಲ ಅನಿಸುತ್ತದೆ, ಅಲ್ವಾ? 2011ರಲ್ಲಿ ಹಣವಿಲ್ಲವೆಂದು ಕ್ಯಾಲಿಫೋರ್ನಿಯಾ ಮುಚ್ಚಲು ಹೊರಟ 70 ಉದ್ಯಾನಗಳ ಪಟ್ಟಿಯಲ್ಲಿ ಈ ಗುಡಿಯೂ ಇತ್ತು. ಊರಿನವರು ದುಡ್ಡು ಕೂಡಿಸಲು ನಿಂತರು, ಬಾಗಿಲು ಮುಚ್ಚಲಿಲ್ಲ.

ಅದೇ ರಾಜ್ಯದಲ್ಲಿ, ಇನ್ನೂ ದಕ್ಷಿಣಕ್ಕೆ, ಹ್ಯಾನ್‌ಫರ್ಡ್ ಅನ್ನುವ ಊರಲ್ಲಿ 1893ರ ಇನ್ನೊಂದು ತಾವೊ ಗುಡಿಯಿದೆ. ಅದನ್ನು ಕಾಯಲು 1972ರಿಂದಲೂ ಒಂದು ಸಂಘವೇ ಇದೆ. ಆದರೂ 2021ರ ಮೇ ತಿಂಗಳಲ್ಲಿ ಯಾರೋ ಬೆಂಕಿ ಹಚ್ಚಿದರು. ಕಟ್ಟಡ ನಿಂತಿತು, ಒಳಗಿನ ಹಳೆಯ ವಸ್ತುಗಳ ಮೇಲೆಲ್ಲ ಮಸಿ ಕೂತಿತು. ಅವನ್ನು ಒಂದೊಂದಾಗಿ ಶುಚಿ ಮಾಡುವ ಕೆಲಸ ತಜ್ಞರ ಪಾಲಿಗೆ ಬಂತು.