ಬಂಡೆ ಮೇಲಿನ ಚಿತ್ರಕ್ಕೆ ಸಾಕ್ಷಿ ಎಲ್ಲಿಂದ ತರೋದು?

ಬಂಡೆಚಿತ್ರ ಅಂದ ತಕ್ಷಣ ಜನ ಕೇಳೋ ಮೊದಲ ಪ್ರಶ್ನೆ "ಇದರರ್ಥ ಏನು" ಅಂತ. ನಮ್ಮ ಕೆಲಸದಲ್ಲಿ ಅದು ಕಟ್ಟಕಡೆಯ ಪ್ರಶ್ನೆ, ಎಷ್ಟೋ ಸಲ ಅಲ್ಲಿವರೆಗೆ ಹೋಗೋಕೆ ಆಗೋದೇ ಇಲ್ಲ. ಮೊದಲು ಬಂಡೆ ನೋಡ್ಬೇಕು, ಆಮೇಲೆ ಯಾವ ಗೆರೆ ಯಾವ ಗೆರೆಯನ್ನ ಕತ್ತರಿಸಿಕೊಂಡು ಹೋಗಿದೆ ಅಂತ, ಆಮೇಲೆ ಯಾವ ಪ್ರಾಣಿ, ಅದಾದ್ಮೇಲೆ ಆ ಜಾಗದ ಮಣ್ಣಲ್ಲಿ ಏನು ಸಿಕ್ಕಿದೆ ಅಂತ. ಇದೆಲ್ಲ ಬೋರಿಂಗ್ ಅನ್ಸುತ್ತೆ ನಿಜ, ಆದ್ರೆ ಇದನ್ನ ಬಿಟ್ಟು ಸೀದಾ ಅರ್ಥಕ್ಕೆ ಹಾರಿದವರೆಲ್ಲ ಬಂಡೆ ಮೇಲೆ ತಮ್ಮ ತಲೆಯೊಳಗಿದ್ದಿದ್ದನ್ನೇ ನೋಡಿದ್ದಾರೆ, ದೊಡ್ಡ ದೊಡ್ಡ ವಿದ್ವಾಂಸರೂ ಸೇರಿ.

ಲಿಬಿಯಾದ ಮೆಸ್ಸಾಕ್ ಪ್ರಸ್ಥಭೂಮಿ ತಗೊಳ್ಳಿ. ಮರಳುಗಲ್ಲೇ, ಆದ್ರೆ ಮೇಲೆಲ್ಲ ಕಪ್ಪಗೆ ಮಿರಮಿರ ಮಿಂಚುತ್ತೆ. ಗಾಳಿಯಲ್ಲಿ ಬಂದ ಜೇಡಿಮಣ್ಣಿನ ಧೂಳು, ಮ್ಯಾಂಗನೀಸ್, ಕಬ್ಬಿಣ ಎಲ್ಲ ಸೇರಿ ಸಾವಿರಾರು ವರ್ಷದಲ್ಲಿ ಕಲ್ಲಿನ ಮೇಲೆ ಕೂದಲಿಗಿಂತ ತೆಳ್ಳಗೆ ಕೂರೋ ಪದರ ಅದು, ನಾವು ವಾರ್ನಿಷ್ ಅಂತೀವಿ. ಆ ಕಪ್ಪನ್ನ ಕಲ್ಲಿಂದ ಕುಟ್ಟಿ ತೆಗೆದಾಗ ಒಳಗಿನ ತಿಳಿ ಬಣ್ಣ ಕಾಣುತ್ತೆ, ಅದೇ ಚಿತ್ರ. ಆಮೇಲೆ ಆ ಗೆರೆಯೊಳಗೂ ನಿಧಾನಕ್ಕೆ ಮತ್ತೆ ಕಪ್ಪು ಹತ್ತೋಕೆ ಶುರುವಾಗುತ್ತೆ. ಹಂಗಾಗಿ ಒಂದೇ ಬಂಡೆ ಮೇಲೆ ಆನೆಯ ಗೆರೆ ಸುತ್ತಲ ಕಲ್ಲಿನಷ್ಟೇ ಕಪ್ಪಗಿದ್ದು, ಅದರ ಬೆನ್ನ ಮೇಲೆ ಕುಟ್ಟಿರೋ ಒಂಟೆ ಇನ್ನೂ ಬೆಳ್ಳಗೆ ಇದ್ರೆ ಯಾವುದು ಹಳೇದು ಅಂತ ಹೇಳೋಕೆ ಪಿಎಚ್‌ಡಿ ಬೇಕಾಗಿಲ್ಲ. ಆದ್ರೆ ಎಷ್ಟು ವರ್ಷ ಹಳೇದು ಅಂತ ಈ ಕಪ್ಪು ಹೇಳಲ್ಲ, ಯಾಕಂದ್ರೆ ನೀರು ಹರಿಯೋ ಕಡೆ, ನೆರಳಿರೋ ಕಡೆ, ಗಾಳಿ ಹೊಡೆಯೋ ಕಡೆ ಒಂದೊಂದು ಸ್ಪೀಡಲ್ಲಿ ಬೆಳೆಯುತ್ತೆ. 1980ರ ದಶಕದಲ್ಲಿ ಈ ಪದರದ ರಾಸಾಯನಿಕ ಲೆಕ್ಕದಿಂದಲೇ ವಯಸ್ಸು ಹೇಳ್ತೀವಿ ಅಂತ ಹೊರಟ ವಿಧಾನ ಆಮೇಲೆ ನಂಬಿಕೆ ಕಳ್ಕೊಂಡಿತು.

ಕಾಲ ಹೇಳೋದ್ರಲ್ಲಿ ಪ್ರಾಣಿಗಳೇ ಹೆಚ್ಚು ಸಹಾಯ ಮಾಡ್ತವೆ. ಸಹಾರಾ ಸುಮಾರು 11,000ದಿಂದ 5,000 ವರ್ಷದ ಹಿಂದಿನವರೆಗೆ ಹಸಿರಾಗಿತ್ತು, ಕೆರೆ ಇದ್ವು, ಮೊಸಳೆ ನೀರ್ಗುದುರೆ ಇದ್ವು. ಆನೆ, ಜಿರಾಫೆ, ಕಾಡೆಮ್ಮೆ ಇರೋ ಚಿತ್ರ ಹಳೇವು, ಆಮೇಲೆ ದನದ ಮಂದೆಗಳು, ಅದಾದ್ಮೇಲೆ ಕುದುರೆ ರಥ, ಕೊನೆಗೆ ಒಂಟೆ. ಗಡಿಗಳು ಇಷ್ಟು ನೀಟಾಗಿಲ್ಲ, ತಜ್ಞರ ಮಧ್ಯ ಈಗಲೂ ಜಗಳ ಇದೆ, ಆದ್ರೆ ಸಹಾರಾದಲ್ಲಿ ಒಂಟೆ ಕಂಡ್ರೆ ಅದು ತಡವಾದ ಚಿತ್ರ ಅನ್ನೋದನ್ನ ಯಾರೂ ಅಲ್ಲಗಳೆಯಲ್ಲ.

ಹಂಗಂತ ಇದೇ ಲೆಕ್ಕನ ಅರೇಬಿಯಾಕ್ಕೆ ಎತ್ಕೊಂಡು ಹೋದ್ರೆ ಕೆಟ್ಟೋಯ್ತು. ಸೌದಿಯ ಅಲ್ ಜೌಫ್‌ನಲ್ಲಿ ಬಂಡೆಗಳಿಂದ ಹೊರಕ್ಕೆ ಉಬ್ಬಿ ಬಂದಂಗೆ ನಿಜಗಾತ್ರದ ಒಂಟೆಗಳನ್ನ ಕೆತ್ತಿದ್ದಾರೆ. 2018ರಲ್ಲಿ ಅದರ ಬಗ್ಗೆ ಮೊದಲು ಬರೆದಾಗ ಜೋರ್ಡಾನಿನ ಹಳೇ ನಗರ ಪೆಟ್ರಾದ ಶಿಲ್ಪಗಳ ಜೊತೆ ಹೋಲಿಸಿ ಒಂದು 2,000 ವರ್ಷ ಇರಬಹುದು ಅಂದ್ರು. ಆಮೇಲೆ ಉಳಿಯ ಗುರುತು, ಸವೆತ, ಪದರದ ರಾಸಾಯನಿಕ, ಉದುರಿಬಿದ್ದ ತುಂಡುಗಳ ಲ್ಯೂಮಿನೆಸೆನ್ಸ್ (ಕೊನೇ ಸಲ ಬೆಳಕು ಬಿದ್ದು ಎಷ್ಟು ಕಾಲ ಆಯ್ತು ಅಂತ ಹೇಳೋ ಪರೀಕ್ಷೆ) ಎಲ್ಲ ನೋಡಿ 2021ರಲ್ಲಿ ಹೇಳಿದ್ದು 7,000ದಿಂದ 8,000 ವರ್ಷ! ಅಂದ್ರೆ ಒಂಟೆ ಸಾಕೋಕೆ ಶುರು ಮಾಡೋಕೂ ಎಷ್ಟೋ ಸಾವಿರ ವರ್ಷ ಮುಂಚೆ, ಅವು ಕಾಡು ಒಂಟೆಗಳು. ಶೈಲಿ ನೋಡಿ ಕಾಲ ಹೇಳೋದು ಎಷ್ಟು ಅಪಾಯ ಅನ್ನೋಕೆ ನಾನು ವಿದ್ಯಾರ್ಥಿಗಳಿಗೆ ಕೊಡೋದು ಇದೇ ಉದಾಹರಣೆ.

ಇನ್ನು ಬಂಡೆ ಮೇಲೆ ಬಿಡಿಸಿರೋದು ಏಲಿಯನ್‌ಗಳನ್ನ ಅನ್ನೋ ವಿಷ್ಯ, ಇದನ್ನ ಬಿಟ್ರೆ ನೀವು ಬಿಡಲ್ಲ. ಅಲ್ಜೀರಿಯಾದ ತಸ್ಸಿಲಿ ನಜ್ಜೆರ್‌ನಲ್ಲಿ 1956-57ರಲ್ಲಿ ಆನ್ರಿ ಲೋತ್ ಅನ್ನೋ ಫ್ರೆಂಚ್ ಸಂಶೋಧಕರು ಒಂದು ಟೀಮ್ ಕಟ್ಕೊಂಡು ಹೋಗಿ ನೂರಾರು ಚಿತ್ರಗಳ ನಕಲು ಮಾಡಿಸಿದ್ರು. ಜಬ್ಬಾರೆನ್ ಅನ್ನೋ ಜಾಗದಲ್ಲಿ ಗುಂಡು ತಲೆಯ ಒಂದು ದೈತ್ಯ ಆಕೃತಿಗೆ ತಮಾಷೆಗೋ ಏನೋ "ಮಂಗಳಗ್ರಹದ ಮಹಾದೇವರು" ಅಂತ ಹೆಸರಿಟ್ರು, ಅಲ್ಲಿಂದ ಹಿಡಿದು ಇವತ್ತಿನ ವಾಟ್ಸಾಪ್ ಫಾರ್ವರ್ಡ್‌ವರೆಗೂ ಅದೇ ನಡೀತಿದೆ. ನನಗೆ ಸಿಟ್ಟು ಬರೋದು ಹೆಸರಿಗಲ್ಲ, ನೀರಿಗೆ. ಬಣ್ಣ ಎದ್ದು ಕಾಣ್ಲಿ ಅಂತ ಆ ಟೀಮ್‌ನೋರು ಒದ್ದೆ ಸ್ಪಂಜಲ್ಲಿ ಗೋಡೆ ಒರೆಸಿದ್ರು. ಜಾಜು, ಸುಣ್ಣದಂಥ ಬಿಳಿ, ಇವೆಲ್ಲ ಒಣಗಾಳಿಯಲ್ಲಿ ಸಾವಿರಾರು ವರ್ಷ ಉಳಿದಿದ್ದು, ನೀರು ಬಿದ್ರೆ ಬಣ್ಣ ಕರಗುತ್ತೆ, ಒಣಗಿದಾಗ ಕಲ್ಲೊಳಗಿನ ಉಪ್ಪು ಮೇಲೆ ಬಂದು ಪದರ ಏಳುತ್ತೆ. ಈಗ ಒಂದು ಹನಿ ನೀರೂ ಬೇಕಾಗಿಲ್ಲ, ಫೋಟೋ ತೆಗೆದು ಡಿಸ್ಟ್ರೆಚ್ ಅನ್ನೋ ಸಾಫ್ಟ್‌ವೇರ್‌ಗೆ ಹಾಕಿದ್ರೆ ಬರಿಗಣ್ಣಿಗೆ ಕಾಣದ ಕೆಂಪು ಗೆರೆ ಎದ್ದು ಬರುತ್ತೆ. ಜಾನ್ ಹಾರ್ಮನ್ ಅನ್ನೋರು 2005ರಲ್ಲಿ ಮಾಡಿದ್ದು, ಉಪಗ್ರಹದ ಚಿತ್ರಗಳಿಗೆ ಬಳಸ್ತಿದ್ದ ಟೆಕ್ನಿಕ್ಕೇ ಅದರ ಮೂಲ. ಆದ್ರೆ ಅದರ ಬಣ್ಣಗಳು ಸುಳ್ಳು ಬಣ್ಣ, ಅದನ್ನೇ ನಿಜ ಅಂತ ತೋರಿಸೋರೂ ಇದ್ದಾರೆ.

ತಲೆಯೊಳಗಿನ ಚಿತ್ರ ಬಂಡೆ ಮೇಲೆ ಬೀಳೋದಕ್ಕೆ ನಮೀಬಿಯಾದ ಬ್ರಾಂಡ್‌ಬರ್ಗ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. ಅಲ್ಲಿ 1918ರಲ್ಲಿ ರೈನ್‌ಹಾರ್ಡ್ ಮಾಕ್ ಅನ್ನೋ ಜರ್ಮನ್ ಸರ್ವೇಯರ್‌ಗೆ ಒಂದು ಆಕೃತಿ ಕಂಡಿತು, ಎತ್ತರ ಒಂದು ಮೊಳಕ್ಕಿಂತ ತುಸು ಕಮ್ಮಿ, ಸೊಂಟದಿಂದ ಕೆಳಗೆ ಬಿಳಿ ಬಣ್ಣ. ಬಂಡೆಚಿತ್ರದ ಅಧ್ಯಯನದಲ್ಲಿ ಆ ಕಾಲದ ಅತಿ ದೊಡ್ಡ ಹೆಸರು ಫ್ರೆಂಚ್ ಪಾದ್ರಿ ಅಬ್ಬೆ ಬ್ರೂಯ್, ಅವರು ಅದರ ನಕಲು ನೋಡಿ ಇದು ಮೆಡಿಟರೇನಿಯನ್ ಕಡೆಯಿಂದ ಬಂದ ಬಿಳಿ ಹೆಂಗಸು ಅಂದ್ಬಿಟ್ರು, "ವೈಟ್ ಲೇಡಿ" ಅನ್ನೋ ಹೆಸರು ಅಲ್ಲೇ ಅಂಟ್ಕೊಂಡಿತು. ಸ್ಥಳೀಯ ಸಾನ್ ಜನ ಇಷ್ಟು ಚೆನ್ನಾಗಿ ಬಿಡಿಸಿರೋಕೆ ಸಾಧ್ಯ ಇಲ್ಲ ಅನ್ನೋ ವಸಾಹತುಕಾಲದ ಅಹಂಕಾರವೇ ಅದರ ಬೇರು. ಆಕೃತಿಯ ಕೈಯಲ್ಲಿ ಬಿಲ್ಲು ಬಾಣ ಇದೆ, ಅದು ಗಂಡಸು, ಬಿಳಿ ಅನ್ನೋದು ಮೈಗೆ ಹಚ್ಕೊಂಡ ಬಣ್ಣ, ಬಹುಶಃ ಮಾಂತ್ರಿಕ-ವೈದ್ಯ, ಅಂತ ಈಗ ಒಪ್ಪಿಕೊಂಡಿದ್ದಾರೆ. ಅಲ್ಲೂ ಫೋಟೋಗೆ ಚೆನ್ನಾಗಿ ಬರ್ಲಿ ಅಂತ ಜನ ನೀರು ಎರಚಿ ಎರಚಿ ಚಿತ್ರ ಮಸುಕಾಗಿದೆ.

ದಕ್ಷಿಣ ಆಫ್ರಿಕಾದ ಕಡೆ ಒಂದು ಅದೃಷ್ಟ ಇದೆ, ಸಾಕ್ಷಿ ಹೇಳೋ ಜನ ಇದ್ರು. 1870ರ ದಶಕದಲ್ಲಿ ಕೇಪ್‌ಟೌನ್‌ನಲ್ಲಿ ವಿಲ್ಹೆಲ್ಮ್ ಬ್ಲೀಕ್ ಮತ್ತೆ ಲೂಸಿ ಲಾಯ್ಡ್ ಅವರು ಸಾನ್ ಕೈದಿಗಳ ಬಾಯಿಂದ ಕಥೆ, ನಂಬಿಕೆ ಎಲ್ಲ ಬರ್ಕೊಂಡ್ರು, ಸಾವಿರಾರು ಪುಟ. ನೂರು ವರ್ಷ ಆದ್ಮೇಲೆ ಡೇವಿಡ್ ಲೂಯಿಸ್-ವಿಲಿಯಮ್ಸ್ ಅನ್ನೋ ಪುರಾತತ್ವಜ್ಞರು ಅದನ್ನ ಇಟ್ಕೊಂಡು ಮೂಗಿಂದ ರಕ್ತ ಸುರಿಯೋ, ಬಗ್ಗಿ ಕುಣಿಯೋ ಆಕೃತಿಗಳು ಮೈಮೇಲೆ ಬರೋ ಕುಣಿತದ ಚಿತ್ರ ಅಂತ ತೋರಿಸಿದ್ರು. ಅದು ಗಟ್ಟಿ ಕೆಲಸ. ಆದ್ರೆ ಆಮೇಲೆ ಅದೇ ಕೀಲಿಕೈಯನ್ನ ಪ್ರಪಂಚದ ಎಲ್ಲ ಬೀಗಕ್ಕೂ ಹಾಕಿ ತಿರುಗಿಸೋಕೆ ಹೋದೋರು ಬಹಳ ಜನ, ಸಹಾರಾಕ್ಕೂ ಬಂದ್ರು. ಸಾನ್ ಜನರ ಮಾತು ಸಹಾರಾದ ದನಗಾಹಿಗೆ ಹೇಗೆ ಸಾಕ್ಷಿ ಆಗುತ್ತೆ ಹೇಳಿ?

ಸಾಕ್ಷಿ ಹೇಳೋರೇ ಇಲ್ಲದ ಕಡೆ ಏನು ಮಾಡ್ತೀವಿ ಅನ್ನೋದಕ್ಕೆ ಈಜಿಪ್ಟಿನ ಗಿಲ್ಫ್ ಕೆಬೀರ್‌ನ ವಾದಿ ಸೂರಾ ಎರಡನೇ ಗುಹೆ ನೋಡಿ. 2002ರಲ್ಲಿ ಸಿಕ್ಕಿದ್ದು. ಗೋಡೆ ತುಂಬ ಕೈಗುರುತು, ಕೈ ಇಟ್ಟು ಸುತ್ತ ಬಣ್ಣ ಊದಿ ಮಾಡಿದ್ದು. ಅದರಲ್ಲಿ 13 ಪುಟ್ಟ ಪುಟ್ಟ ಗುರುತು, ಕೆಲವು ದೊಡ್ಡವರ ಅಂಗೈ ಒಳಗೇ ಇವೆ. ನೋಡಿದವರೆಲ್ಲ ಅಯ್ಯೋ ಪಾಪ, ಹಸುಗೂಸಿನ ಕೈ ಅಂದ್ರು, ಅಮ್ಮ-ಮಗು ಅಂತ ಕಥೆನೂ ಹುಟ್ಕೊಂಡಿತು. ಎಮಾನ್ಯುಯೆಲ್ ಒನೊರೆ ಅನ್ನೋ ಸಂಶೋಧಕಿಗೆ ಮಾತ್ರ ಬೆರಳು ಯಾಕೋ ಉದ್ದ, ತೀರಾ ತೆಳ್ಳಗಿದೆ ಅನ್ನಿಸ್ತು. ಫ್ರಾನ್ಸಿನ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ, ತಿಂಗಳು ತುಂಬದೆ ಹುಟ್ಟಿದ ಶಿಶುಗಳ ಕೈ ಅಳತೆ ತಗೊಂಡು ಹೋಲಿಸಿದ್ರು. ಕೂಡ್ಲಿಲ್ಲ, ಹತ್ರಕ್ಕೂ ಬರ್ಲಿಲ್ಲ. ಕೋತಿ ಇರಬಹುದಾ ಅಂತ ನೋಡಿದ್ರು, ಅದೂ ಇಲ್ಲ. ಕೊನೆಗೆ ಹೆಚ್ಚು ಹೊಂದಿದ್ದು ಉಡದ ಮುಂಗಾಲಿಗೆ, ಇಲ್ಲ ಅಂದ್ರೆ ಮೊಸಳೆ ಮರಿ. 2016ರಲ್ಲಿ ಇದು ಪ್ರಕಟ ಆಯ್ತು. ಗಮನಿಸಿ, ಉಡದ ಕಾಲನ್ನ ಯಾಕೆ ಒತ್ತಿದ್ರು ಅಂತ ಅವರು ಹೇಳ್ಲಿಲ್ಲ, ಹೇಳೋಕೆ ಹೋಗ್ಲೂ ಇಲ್ಲ. ಮಗುವಲ್ಲ ಅಂತ ಗೊತ್ತಾಯ್ತಲ್ಲ, ಒಂದು ಗುಹೆ ಪೂರ್ತಿ ಬೇರೆ ಥರ ಕಾಣೋಕೆ ಅಷ್ಟು ಸಾಕು.

ಮಡಕೆ ಚೂರೂ ಸಾಕ್ಷಿ ಹೇಳುತ್ತೆ. ಸಹಾರಾದ ಚಿತ್ರಗಳಲ್ಲಿ ದನ ಸಿಕ್ಕಾಪಟ್ಟೆ, ಕೆಲವು ಕಡೆ ಕೆಚ್ಚಲನ್ನ ಎದ್ದು ಕಾಣೋ ಹಂಗೆ ಬಿಡಿಸಿದ್ದಾರೆ, ಹಾಲು ಕರೆಯೋ ದೃಶ್ಯನೂ ಇದೆ. ಆದ್ರೆ ಚಿತ್ರ ಮಾತ್ರ ನೋಡಿ ಅವರು ಹೈನು ಮಾಡ್ತಿದ್ರು ಅಂದ್ರೆ ಯಾರು ಒಪ್ತಾರೆ? ಲಿಬಿಯಾದ ಅಕಾಕುಸ್ ಬೆಟ್ಟದ ತಕರ್ಕೋರಿಯಲ್ಲಿ ಸಿಕ್ಕ ಮಡಕೆ ಚೂರುಗಳ ರಂಧ್ರಗಳಲ್ಲಿ ಇಂಗಿದ್ದ ಕೊಬ್ಬನ್ನ ಪರೀಕ್ಷೆ ಮಾಡಿ, ಅದು ಹಾಲಿನ ಕೊಬ್ಬು, ಸುಮಾರು 7,000 ವರ್ಷ ಹಳೇದು ಅಂತ 2012ರಲ್ಲಿ ತೋರಿಸಿದ್ಮೇಲೆ ಮಾತು ಗಟ್ಟಿ ಆಯ್ತು. ನಮ್ಮ ಬಳ್ಳಾರಿ ಹತ್ರದ ಕಪ್ಪಗಲ್ಲು ಗುಡ್ಡ ಮರುಭೂಮಿ ಅಲ್ಲ, ಆದ್ರೂ ಲೆಕ್ಕ ಇದೇ ಥರ: ಬಂಡೆ ಮೇಲೆ ಉದ್ದ ಕೊಂಬಿನ ಹೋರಿಗಳು, ಆ ಸೀಮೆಯಲ್ಲೇ ಸಗಣಿ ಸುಟ್ಟ ಬೂದಿದಿಬ್ಬಗಳು. ಎರಡನ್ನೂ ಜೊತೆಗಿಟ್ಟು ಓದಿದ್ರೇನೇ ಮಾತಾಡ್ತವೆ.

ಸಾಕ್ಷಿ ಸಿಗದೇ ಹಂಗೇ ಉಳಿದಿರೋವೂ ಇವೆ. ಅದೇ ಗಿಲ್ಫ್ ಕೆಬೀರ್‌ನಲ್ಲಿ 1933ರಲ್ಲಿ ಆಲ್ಮಾಶಿ ಅನ್ನೋ ಹಂಗೇರಿಯ ಅನ್ವೇಷಕರಿಗೆ ಸಿಕ್ಕ "ಈಜುಗಾರರು". ಕೈಕಾಲು ಚಾಚಿ ತೇಲ್ತಿರೋ ಪುಟ್ಟ ಆಕೃತಿಗಳು. ಹತ್ರ ಕೆರೆ ಇತ್ತು, ಈಜ್ತಿದ್ರು ಅಂದ್ರು ಆಲ್ಮಾಶಿ, ಇಲ್ಲ ಇವರು ಸತ್ತವರು, ಪರಲೋಕದ ನೀರಲ್ಲಿ ತೇಲ್ತಿದ್ದಾರೆ ಅಂದ್ರು ಇನ್ನೊಬ್ಬರು. ಎರಡನೇದೇ ಸರಿ ಇರಬಹುದು ಅಂತ ನನಗನ್ನಿಸುತ್ತೆ, ಯಾಕಂದ್ರೆ ಆಗ್ಲೇ ಹೇಳಿದ ವಾದಿ ಸೂರಾ ಎರಡನೇ ಗುಹೆಯಲ್ಲಿ ಇಂಥವೇ ಆಕೃತಿಗಳು ತಲೆ ಇಲ್ಲದ ವಿಚಿತ್ರ ಮೃಗಗಳ ಸುತ್ತ ಇವೆ, ಸುಮ್ಮನೆ ಈಜೋಕೆ ಬಂದವರ ಥರ ಕಾಣಲ್ಲ. ಆದ್ರೆ ರಿಪೋರ್ಟಲ್ಲಿ ಬರೆಯೋದು "ಅಡ್ಡಲಾಗಿ ಚಾಚಿದ ಮಾನವಾಕೃತಿ" ಅಂತ ಅಷ್ಟೇ.

ಈಗಿನ ದೊಡ್ಡ ತೊಂದರೆ ಅಂದ್ರೆ ಹೋಗಿ ನೋಡೋದೇ ಕಷ್ಟ. ಅಕಾಕುಸ್‌ನ ಚಿತ್ರಗಳ ಮೇಲೆ 2009ರಲ್ಲಿ ಸ್ಪ್ರೇ ಪೇಂಟ್ ಬಳಿದ್ರು, 2011ರ ನಂತರ ಲಿಬಿಯಾದಲ್ಲಿ ಫೀಲ್ಡ್‌ವರ್ಕ್ ಹೆಚ್ಚುಕಮ್ಮಿ ನಿಂತೇ ಹೋಯ್ತು. ಹಂಗಾಗಿ ಎಷ್ಟೋ ಕೆಲಸ ಹಳೇ ಫೋಟೋಗಳಿಂದ, ಟೂರಿಸ್ಟ್‌ಗಳ ಆಲ್ಬಮ್‌ಗಳಿಂದ ನಡೀತಿದೆ. ಗಲ್ಫ್‌ನಲ್ಲಿರೋ ನಮ್ಮವರು ವೀಕೆಂಡ್‌ನಲ್ಲಿ ಬಂಡೆಚಿತ್ರ ನೋಡೋಕೆ ಸೌದಿಯ ಜುಬ್ಬಾ, ಶುವೈಮಿಸ್ ಕಡೆ ಹೋದ್ರೆ ಒಂದು ಮಾತು: ಸೂರ್ಯ ಇಳಿಯೋ ಹೊತ್ತಲ್ಲಿ ಓರೆ ಬೆಳಕಿದ್ದಾಗ ತೆಗೀರಿ, ಗೆರೆ ಚೆನ್ನಾಗಿ ಏಳುತ್ತೆ. ಅಳತೆಗೆ ಪಕ್ಕದಲ್ಲಿ ಒಂದು ಸ್ಕೇಲ್ ಹಿಡಿರಿ, ಇಲ್ಲ ಅಂದ್ರೆ ಪೆನ್ನಾದ್ರೂ ಸೈ, ಬಂಡೆಗೆ ತಾಗಿಸ್ಬೇಡಿ. ಕ್ಲೋಸಪ್ ಜೊತೆಗೆ ಇಡೀ ಬಂಡೆ ಕಾಣೋ ಒಂದು ಫೋಟೋನೂ ಇರ್ಲಿ, ನಮಗೆ ಸಾಮಾನ್ಯವಾಗಿ ಸಿಗದೇ ಇರೋದು ಅದೇ. ಸೀಮೆಸುಣ್ಣದಲ್ಲಿ ಗೆರೆ ತುಂಬೋದು, ನೀರು ಚಿಮುಕಿಸೋದು ಎರಡೂ ಬೇಡ. ಬೇಲಿ ಹಾಕದ ಜಾಗ ಆಗಿದ್ರೆ ಲೊಕೇಶನ್ ತೆಗೆದುಹಾಕಿ ಆಮೇಲೆ ಇನ್‌ಸ್ಟಾಗೆ ಹಾಕಿ.