ಲೇಬರ್ ಖರ್ಚು ಎಷ್ಟು ಏರಿತು? ಸರಾಸರಿ ನೋಡಿ ಹೇಳಬೇಡಿ

ವರ್ಷದ ಲೆಕ್ಕ ಮುಗಿಸುವ ಹೊತ್ತಿಗೆ ಪೀಣ್ಯದ ಸಣ್ಣ ಕಾರ್ಖಾನೆಗಳ ಮಾಲೀಕರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಲೇಬರ್ ಖರ್ಚು ವಿಪರೀತ ಏರಿದೆ ಸಾರ್." ಎಷ್ಟು ಅಂತ ಕೇಳಿದರೆ, ಒಟ್ಟು ಸಂಬಳವನ್ನು ತಲೆ ಲೆಕ್ಕಕ್ಕೆ ಭಾಗಿಸಿ ಒಂದು ಶೇಕಡಾ ಹೇಳುತ್ತಾರೆ. ಕಾಸ್ಟ್ ಅಕೌಂಟೆಂಟ್ ಆಗಿ ನಾನು ಮೊದಲು ಪಕ್ಕಕ್ಕಿಡುವುದು ಆ ಅಂಕಿಯನ್ನೇ.

ಒಂದು ಉದಾಹರಣೆ ನೋಡೋಣ. ಒಂದು ಮಷಿನ್ ಶಾಪ್‌ನಲ್ಲಿ 8 ಜನ ಆಪರೇಟರ್‌ಗಳು, ತಲಾ 18,000. ಇಬ್ಬರು ಸೂಪರ್‌ವೈಸರ್‌ಗಳು, ತಲಾ 45,000. ಸರಾಸರಿ 23,400 ರೂಪಾಯಿ. ಮುಂದಿನ ವರ್ಷ 4 ಆಪರೇಟರ್‌ಗಳು ಬಿಟ್ಟು ಹೋದರು, ಆ ಜಾಗಕ್ಕೆ ಯಾರನ್ನೂ ತಗೊಳ್ಳಲಿಲ್ಲ. ಉಳಿದ ಎಲ್ಲರಿಗೂ ಶೇ. 5 ಹೆಚ್ಚಳ ಕೊಟ್ಟರು. ಈಗ ಸರಾಸರಿ 28,350. ಅಂದರೆ ಶೇ. 21 ಏರಿಕೆ! ಆದರೆ ಅಲ್ಲಿ ಯಾರಿಗೂ ಶೇ. 5ಕ್ಕಿಂತ ಒಂದು ರೂಪಾಯಿ ಜಾಸ್ತಿ ಸಿಕ್ಕಿಲ್ಲ. ಕಡಿಮೆ ಸಂಬಳದವರು ಹೋದರು, ಸರಾಸರಿ ಮೇಲೆ ಹೋಯಿತು, ಅಷ್ಟೇ. ಇದರ ಉಲ್ಟಾ ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಆಗುತ್ತದೆ. ಫ್ರೆಷರ್‌ಗಳನ್ನು ದೊಡ್ಡ ಸಂಖ್ಯೆಯಲ್ಲಿ ತಗೊಂಡ ವರ್ಷ, ಯಾರ ಸಂಬಳವೂ ಇಳಿಯದೆ ತಲಾ ಖರ್ಚು ಇಳಿಯುತ್ತದೆ.

ಇಡೀ ದೇಶದ ಲೆಕ್ಕವೂ ಹೀಗೆ ದಾರಿ ತಪ್ಪಿಸಬಹುದು. 2020ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಹೋಟೆಲ್, ಅಂಗಡಿಗಳೆಲ್ಲ ಮುಚ್ಚಿ ಕೋಟ್ಯಂತರ ಜನ ಕೆಲಸ ಕಳೆದುಕೊಂಡರು. ಅದೇ ತಿಂಗಳು ಅಲ್ಲಿನ ಸರಾಸರಿ ಗಂಟೆ ಸಂಬಳ 1.34 ಡಾಲರ್ ಏರಿ 30.01 ಡಾಲರ್ ಆಯಿತು ಎಂದು ಸರ್ಕಾರಿ ವರದಿ ಬಂತು. ಕೆಲಸ ಕಳೆದುಕೊಂಡವರಲ್ಲಿ ಕಡಿಮೆ ಸಂಬಳದವರೇ ಜಾಸ್ತಿ ಇದ್ದದ್ದು ಇದಕ್ಕೆ ಕಾರಣ. ಆ ವರದಿ ಕೊಟ್ಟ ಬ್ಯೂರೋ ಆಫ್ ಲೇಬರ್ ಸ್ಟ್ಯಾಟಿಸ್ಟಿಕ್ಸ್ ಮೂರು ತಿಂಗಳಿಗೊಮ್ಮೆ ಎಂಪ್ಲಾಯ್‌ಮೆಂಟ್ ಕಾಸ್ಟ್ ಇಂಡೆಕ್ಸ್ ಅನ್ನೂ ಪ್ರಕಟಿಸುತ್ತದೆ. ಜೂನ್‌ವರೆಗಿನ ಮೂರು ತಿಂಗಳಲ್ಲಿ ಅದು ಏರಿದ್ದು ಬರೀ ಶೇ. 0.5. ಈ ಸೂಚ್ಯಂಕ ಯಾವ ಕೆಲಸ ಎಷ್ಟು ಪಾಲು ಎಂಬುದನ್ನು ಕದಲಿಸುವುದಿಲ್ಲ. ಅದೇ ಸಂಸ್ಥೆ, ಅದೇ ಹುದ್ದೆಗೆ ಹೋದ ಸಲ ಎಷ್ಟು ಕೊಟ್ಟಿತ್ತು, ಈ ಸಲ ಎಷ್ಟು ಕೊಡುತ್ತಿದೆ ಎಂದು ಕೇಳುತ್ತದೆ. ಜೊತೆಗೆ ಆರೋಗ್ಯ ವಿಮೆ, ಸಂಬಳ ಸಹಿತ ರಜೆ, ಪಿಂಚಣಿ, ಬೋನಸ್ ಎಲ್ಲವನ್ನೂ ಸೇರಿಸುತ್ತದೆ. ಅಲ್ಲಿ ಮಾಲೀಕರ ಒಟ್ಟು ಖರ್ಚಿನಲ್ಲಿ ಸೌಲಭ್ಯಗಳ ಪಾಲೇ ಶೇ. 30ರ ಹತ್ತಿರ ಇರುವುದರಿಂದ, ಅದನ್ನು ಬಿಟ್ಟರೆ ಲೆಕ್ಕ ಅರ್ಧಂಬರ್ಧ.

ನಮ್ಮಲ್ಲೂ ಕೈಗೆ ಬರದ ಖರ್ಚು ಸಣ್ಣದಲ್ಲ. ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 18,000 ಇರುವ, ಬೇರೆ ಅಲವೆನ್ಸ್ ಇಲ್ಲದ ಆಪರೇಟರನ್ನೇ ತಗೊಳ್ಳಿ. ಪಿಎಫ್‌ಗೆ 15,000ದ ಮಿತಿಯ ಮೇಲೆ ಶೇ. 12, ಅಂದರೆ 1,800. ಅದರ ವಿಮೆ ಮತ್ತು ಆಡಳಿತ ಶುಲ್ಕ 150. ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆಯಾದ ಇಎಸ್‌ಐಗೆ ಶೇ. 3.25ರಂತೆ 585. ಕೆಲಸ ಬಿಡುವಾಗ ಒಟ್ಟಿಗೆ ಕೊಡುವ ಗ್ರಾಚ್ಯುಟಿಗೆ ತಿಂಗಳಿಗೆ ಎತ್ತಿಡಬೇಕಾದದ್ದು ಸುಮಾರು 865. ಒಟ್ಟು 3,400. ಬೋನಸ್, ರಜೆ ಇನ್ನೂ ಸೇರಿಲ್ಲ.

ಈ ಬಾಬ್ತುಗಳು ಸಂಬಳದ ಜೊತೆ ಸಮನಾಗಿ ಏರುವುದಿಲ್ಲ. ತೊಡಕು ಇರುವುದೇ ಇಲ್ಲಿ. 20,900 ಪಡೆಯುವವರ ಇಎಸ್‌ಐಗೆ ಮಾಲೀಕರು ಕಟ್ಟುವುದು 679 ರೂಪಾಯಿ. ಸಂಬಳ 21,500 ಆಯಿತು ಅನ್ನಿ. ಇಎಸ್‌ಐನ 21,000ದ ಮಿತಿ ದಾಟಿತು. ನಡೆಯುತ್ತಿರುವ ಆರು ತಿಂಗಳ ವಂತಿಗೆ ಅವಧಿ ಮುಗಿದ ಮೇಲೆ ಆ 679 ನಿಲ್ಲುತ್ತದೆ. ಗ್ರಾಚ್ಯುಟಿ 29 ರೂಪಾಯಿ ಏರುತ್ತದೆ, ಪಿಎಫ್ ಇದ್ದಷ್ಟೇ ಇರುತ್ತದೆ. ಬೋನಸ್ ಬಿಟ್ಟು ನೋಡಿದರೆ, ಸಂಬಳ 600 ಏರಿಸಿದ ಮಾಲೀಕರ ಖರ್ಚು 50 ರೂಪಾಯಿ ಕಡಿಮೆಯಾಯಿತು! ಕಾರ್ಮಿಕರಿಗೆ ಮಾತ್ರ ಇಡೀ ಕುಟುಂಬದ ಆಸ್ಪತ್ರೆ ಸೌಲಭ್ಯ ಹೋಯಿತು. ಇಂಥ ಕಡೆ ಗ್ರೂಪ್ ಹೆಲ್ತ್ ಇನ್ಶೂರೆನ್ಸ್ ಮಾಡಿಸಿ ಎಂದು ನಾನು ಒತ್ತಾಯ ಮಾಡಿಯೇ ಹೇಳುತ್ತೇನೆ. ಸಂಬಳದ ಶೀಟ್ ಮಾತ್ರ ನೋಡುವವರಿಗೆ ಅಲ್ಲಿ ಕಾಣುವುದು ಶೇ. 2.9 ಏರಿಕೆ ಮಾತ್ರ.

ಇದರ ಇನ್ನೊಂದು ಮುಖ 2014ರ ಸೆಪ್ಟೆಂಬರ್‌ನಲ್ಲಿ ಕಂಡಿತು. ಪಿಎಫ್ ಮಿತಿ 6,500ರಿಂದ 15,000ಕ್ಕೆ ಏರಿತು. ಮಿತಿಗಷ್ಟೇ ಕಟ್ಟುತ್ತಿದ್ದ ಕಂಪನಿಗೆ, 15,000 ಬೇಸಿಕ್ ಇರುವವರ ಲೆಕ್ಕದಲ್ಲಿ 780 ಇದ್ದದ್ದು 1,800 ಆಯಿತು. ಸಂಬಳ ಬದಲಾಗಲಿಲ್ಲ. ಕಾರ್ಮಿಕರ ಪಾಲಿನ ಕಡಿತವೂ ಏರಿದ್ದರಿಂದ ಅವರ ಕೈಗೆ ಬರುವ ಹಣ ಕಡಿಮೆಯೇ ಆಯಿತು. "ಖರ್ಚು ಏರಿದೆ" ಎಂದ ಮಾಲೀಕರ ಮಾತೂ ನಿಜ, "ನಮಗೇನೂ ಬರಲಿಲ್ಲ" ಎಂದ ಕಾರ್ಮಿಕರ ಮಾತೂ ನಿಜ. ವೇತನ ಒಪ್ಪಂದದ ಮಾತುಕತೆಗಳು ಕೆಡುವುದು ಹೆಚ್ಚಾಗಿ ಇಂಥ ಕಡೆಯೇ. ಇಬ್ಬರ ಮುಂದೆಯೂ ಒಂದೇ ಶೀಟ್ ಇರಬೇಕು ಅನ್ನುವುದು ಅದಕ್ಕೇ.

ನಮ್ಮ ಲೇಬರ್ ಬ್ಯೂರೋ ಕೂಲಿ ದರದ ಸೂಚ್ಯಂಕವೊಂದನ್ನು ಕೊಡುತ್ತದೆ. 2016ನ್ನು ಆಧಾರ ವರ್ಷ ಮಾಡಿಕೊಂಡು 2021ರಲ್ಲಿ ಅದನ್ನು ಹೊಸದು ಮಾಡಿದರು. ಅದಕ್ಕೂ ಮುಂಚಿನ ಆಧಾರ 1963-65ರದ್ದು! ಅದು ಆರು ತಿಂಗಳಿಗೊಮ್ಮೆ ಬರುತ್ತದೆ, ಕೂಲಿಗೆ ಸೀಮಿತ. ಸೌಲಭ್ಯಗಳ ಖರ್ಚನ್ನೂ ಕೂಡಿಸಿದ ಚಿತ್ರ ಬೇಕಿದ್ದರೆ ಸದ್ಯಕ್ಕೆ ನಾವೇ ಮಾಡಿಕೊಳ್ಳಬೇಕು.

ಮಾಡುವುದು ಕಷ್ಟವಲ್ಲ. ಶೀಟ್‌ನಲ್ಲಿ ಜನರ ಹೆಸರಿನ ಬದಲು ಹುದ್ದೆ ಬರೆಯಿರಿ. ಮೊದಲ ವರ್ಷ ಪ್ರತಿ ಹುದ್ದೆಯಲ್ಲಿ ಎಷ್ಟು ಜನ ಇದ್ದರೋ ಆ ಸಂಖ್ಯೆ ಹಾಗೇ ಇರಲಿ. ಪ್ರತಿ ಹುದ್ದೆಯ ಈ ವರ್ಷದ ಪೂರ್ತಿ ಖರ್ಚನ್ನು, ಸೌಲಭ್ಯ ಸೇರಿಸಿ, ಆ ಹಳೇ ಸಂಖ್ಯೆಗೇ ಗುಣಿಸಿ. ಹಳೇ ಒಟ್ಟು ಮೊತ್ತದಿಂದ ಭಾಗಿಸಿದರೆ ನಿಮ್ಮ ಕಾರ್ಖಾನೆಯ ಸೂಚ್ಯಂಕ ಸಿಕ್ಕಿತು. ಓವರ್‌ಟೈಮ್‌ಗೆ ಬೇರೆ ಕಾಲಂ ಇರಲಿ. ಆರ್ಡರ್ ಜಾಸ್ತಿ ಬಂದ ತಿಂಗಳನ್ನು ಸಂಬಳ ಏರಿದ ತಿಂಗಳು ಅಂದುಕೊಳ್ಳಬಾರದು ಅಲ್ವಾ?

ಈ ವರ್ಷ ಗ್ರಾಚ್ಯುಟಿ ಕಾಲಂ ಮೇಲೆ ವಿಶೇಷ ಕಣ್ಣಿಡಿ. 2025ರ ನವೆಂಬರ್ 21ರಂದು ಜಾರಿಯಾದ ಕಾರ್ಮಿಕ ಸಂಹಿತೆಗಳ ಪ್ರಕಾರ, ಅಲವೆನ್ಸ್‌ಗಳು ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದಷ್ಟು ಭಾಗವೂ ವೇತನವೇ. 40,000ದಲ್ಲಿ ಬೇಸಿಕ್ 14,000 ಮಾತ್ರ ತೋರಿಸುತ್ತಿದ್ದರೆ, ಈಗ ಲೆಕ್ಕ 20,000ದ ಮೇಲೆ. ಗ್ರಾಚ್ಯುಟಿಗೆ ತಿಂಗಳಿಗೆ 673 ಎತ್ತಿಡುತ್ತಿದ್ದ ಕಡೆ 962 ಬೇಕು. ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷ ಮುಗಿದರೆ ಗ್ರಾಚ್ಯುಟಿ ಹಕ್ಕು ಬರುತ್ತದೆ, ಐದು ವರ್ಷ ಕಾಯಬೇಕಿಲ್ಲ. ಅಂಥವರ ಹುದ್ದೆಗಳ ಮುಂದೆ ನಿಮ್ಮ ಶೀಟ್‌ನಲ್ಲಿ ಇಲ್ಲಿವರೆಗೆ ಸೊನ್ನೆ ಇದ್ದಿರಬಹುದು. ಅದನ್ನು ಈಗಲೇ ತಿದ್ದಿ.