ಕಾರ್ಡಿನಲ್ಲಿ ಕಾಣದ ಎರೆಮಣ್ಣು

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗಂಗಾವತಿ, ಸಿಂಧನೂರು ಸೀಮೆಯ ಎರೆಹೊಲಗಳಿಗೆ, ಅಂದರೆ ಕಪ್ಪುಮಣ್ಣಿನ ಹೊಲಗಳಿಗೆ, ಹರಿಯತೊಡಗಿದ್ದು 1950ರ ದಶಕದಲ್ಲಿ. ಅಲ್ಲಿನ ಬಹುಪಾಲು ಜಮೀನಿಗೆ ಯೋಜನೆಯವರು ಗೊತ್ತುಪಡಿಸಿದ್ದು ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳನ್ನು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ನೆಲೆಯೂರಿದ್ದು ಭತ್ತ, ಅದೂ ನೀರು ಸಿಕ್ಕ ವರ್ಷಗಳಲ್ಲಿ ಎರಡೆರಡು ಬೆಳೆ. ಬಸಿದುಹೋಗಲು ದಾರಿಯಿಲ್ಲದ ನೀರು ಅಂತರ್ಜಲವನ್ನು ಮೇಲಕ್ಕೆತ್ತಿತು, ಆ ನೀರು ಆವಿಯಾದಲ್ಲೆಲ್ಲ ಉಪ್ಪು ಉಳಿಯಿತು. ಸವಳು (ಉಪ್ಪೇರಿದ ನೆಲ)–ಜವಳು (ನೀರು ನಿಂತ ನೆಲ) ಎಂಬ ಜೋಡಿ ಮಾತು ಆ ಭಾಗದಲ್ಲಿ ಬಳಕೆಯಲ್ಲಿರುವುದು ಸುಮ್ಮನೆ ಅಲ್ಲ.

ಎರೆಮಣ್ಣಿನಲ್ಲಿ ಸಾಮಾನ್ಯವಾಗಿ ಅರ್ಧದಷ್ಟು, ಕೆಲವೆಡೆ ಅದಕ್ಕೂ ಹೆಚ್ಚು ಪಾಲು ಜೇಡಿಯೇ ಇರುತ್ತದೆ, ಅಂದರೆ 0.002 ಮಿಲಿಮೀಟರಿಗಿಂತ ಸಣ್ಣ ಕಣಗಳು. ಹಾಳೆಗಳನ್ನು ಪೇರಿಸಿಟ್ಟಂತಿರುವ ಈ ಕಣಗಳ ಮೇಲ್ಮೈಯಲ್ಲಿ ಋಣವಿದ್ಯುದಂಶವಿದ್ದು, ಅದಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂಗಳು ಅಂಟಿಕೊಂಡಿರುತ್ತವೆ. ಎರಡು ಧನ ಅಂಶವುಳ್ಳ ಕ್ಯಾಲ್ಸಿಯಂ ಕಣಗಳನ್ನು ಒತ್ತಾಗಿ ಹಿಡಿದು ಹರಳುಹರಳಾಗಿ ಇಡುತ್ತದೆ, ಆ ಹರಳುಗಳ ನಡುವೆ ಗಾಳಿ ಮತ್ತು ನೀರು ಓಡಾಡುತ್ತವೆ. ಒಂದೇ ಧನ ಅಂಶವಿರುವ, ಸುತ್ತಲೂ ನೀರನ್ನು ಹೊದ್ದುಕೊಂಡಿರುವ ಸೋಡಿಯಂ ಆ ಜಾಗಕ್ಕೆ ಬಂದರೆ ಹಿಡಿತ ಸಡಿಲಗೊಂಡು ಕಣಗಳು ಚದುರುತ್ತವೆ, ಹಾಗೆ ಚದುರಿದ ಕಣಗಳೇ ರಂಧ್ರಗಳನ್ನು ಮುಚ್ಚುತ್ತವೆ. ಅಂಟಿದ ಧಾತುಗಳಲ್ಲಿ ಸೋಡಿಯಂ ಶೇ. 15 ದಾಟಿದರೆ ಅದನ್ನು ಕ್ಷಾರ ಮಣ್ಣೆನ್ನುವುದು ರೂಢಿ. ಎರೆಮಣ್ಣಿನಲ್ಲಿ ತೊಂದರೆ ಅದಕ್ಕೂ ಮುಂಚೆಯೇ ತಲೆದೋರುತ್ತದೆ. ರಸಾಯನದಲ್ಲಾದ ಬದಲಾವಣೆ ಹೀಗೆ ಮಣ್ಣಿನ ಮೈಕಟ್ಟನ್ನೇ ಕೆಡಿಸುತ್ತದೆ.

ಮೈಕಟ್ಟು ಕೆಡುವುದಕ್ಕೆ ಇನ್ನೊಂದು ದಾರಿಯೂ ಇದೆ. ನಾಟಿಗೆ ಮುನ್ನ ನೀರು ಕಟ್ಟಿ, ಟ್ರ್ಯಾಕ್ಟರಿಗೆ ಕಬ್ಬಿಣದ ಗಾಲಿ ಹಾಕಿ ಕೆಸರು ಹೊಡೆಯುವುದು ಹರಳುಗಳನ್ನು ಒಡೆಯುವ ಕೆಲಸವೇ ಆಗಿದೆ, ಮತ್ತು ಅದೇ ಆಳದಲ್ಲಿ ವರ್ಷವರ್ಷವೂ ಒತ್ತಡ ಬಿದ್ದು ಉಳುಮೆಯ ಪದರದ ಕೆಳಗೆ ಗಟ್ಟಿ ತಳವೊಂದು ಮೂಡುತ್ತದೆ. ನೀರು ನಿಲ್ಲಬೇಕಾದ ಭತ್ತಕ್ಕೆ ಅದು ಅನುಕೂಲ. ಅದೇ ಹೊಲದಲ್ಲಿ ಮುಂದೆ ಕಡಲೆ ಬಿತ್ತಿದವರಿಗೆ ಬೇರು ಕೆಳಗಿಳಿಯದ ಕಷ್ಟ.

ಗೊಬ್ಬರದ ಲೆಕ್ಕವೂ ಓರೆಯಾಗಿದೆ. ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) ಬರುವ ಮುನ್ನ ಬಳಕೆಯಲ್ಲಿದ್ದ ಸೂಪರ್ ಫಾಸ್ಫೇಟಿನಲ್ಲಿ ಶೇ. 11ರಷ್ಟು ಗಂಧಕವೂ ಇತ್ತು, ಡಿಎಪಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಕಿದ ರಂಜಕದ ದೊಡ್ಡ ಪಾಲನ್ನು ಸುಣ್ಣದ ಅಂಶವುಳ್ಳ ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ, ರಸಸಾರ (ಪಿಎಚ್) 8 ದಾಟಿದಲ್ಲಿ ಸತು ಬೆಳೆಗೆ ಎಟುಕುವುದಿಲ್ಲ, ನಿಂತ ನೀರಿಗೆ ಎರಚಿದ ಯೂರಿಯಾ ಅಮೋನಿಯಾ ಆಗಿ ಹಾರಿಹೋಗುತ್ತದೆ. ಇಳುವರಿ ಇಳಿದಾಗ ಇನ್ನೊಂದು ಚೀಲ ಸುರಿಯುವ ರೈತನನ್ನು ದೂರುವುದು ಸುಲಭ, ಆದರೆ ಅವನ ಕೈಯಲ್ಲಿರುವ ಮಾಹಿತಿಯೇ ಅರೆಬರೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಉಳಿದವೆಲ್ಲ ಪೋಷಕಾಂಶಗಳು. ನೀರು ಎಷ್ಟು ಬೇಗ ಇಂಗುತ್ತದೆ, ಮಣ್ಣು ಎಷ್ಟು ಒತ್ತಿಹೋಗಿದೆ, ಸೋಡಿಯಂನ ಪಾಲೆಷ್ಟು ಎಂಬ ಮೂರಕ್ಕೂ ಅಲ್ಲಿ ಜಾಗವಿಲ್ಲ.

ಈ ಮೂರನೆಯದನ್ನು ಬಿಟ್ಟಿರುವುದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ. ಉಪ್ಪು ಹೆಚ್ಚಿರುವಾಗ ಸೋಡಿಯಂ ಇದ್ದರೂ ಕಣಗಳು ಚದುರದೆ ಕೂಡಿಕೊಂಡೇ ಇರುತ್ತವೆ. ಅಂಥ ಹೊಲವನ್ನು ಬರೀ ಒಳ್ಳೆಯ ನೀರಿನಿಂದ ತೊಳೆದರೆ ಉಪ್ಪು ಹೋಗಿ ಸೋಡಿಯಂ ಉಳಿಯುತ್ತದೆ, ಲವಣಾಂಶದ ಅಂಕಿ ಸುಧಾರಿಸುತ್ತದೆ, ಹೊಲ ಮಾತ್ರ ಇನ್ನಷ್ಟು ಬಿಗಿಯುತ್ತದೆ. ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್, ಹಾಕುವುದು ಇದೇ ಕಾರಣಕ್ಕೆ: ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗಕ್ಕೆ ಕೂರುತ್ತದೆ, ಹೊರಬಿದ್ದ ಸೋಡಿಯಂ ಸಲ್ಫೇಟ್ ಆಗಿ ನೀರಿನೊಂದಿಗೆ ಹರಿದುಹೋಗಬೇಕು. ಬಸಿಗಾಲುವೆಯಿಲ್ಲದಿದ್ದರೆ ಅದು ಹೋಗುವುದಾದರೂ ಎಲ್ಲಿಗೆ?

ಸೋಡಿಯಂನ ಸುಳಿವು ಹಿಡಿಯಲು ಒಂದು ಗಾಜಿನ ಲೋಟ ಸಾಕು. ಹೊಲದ ಒಣಗಿದ ಹರಳೊಂದನ್ನು ಮಳೆನೀರಿನಲ್ಲಿ ಮೆಲ್ಲಗೆ ಬಿಟ್ಟು, ಅಲುಗಿಸದೆ ಕೆಲವು ಗಂಟೆ ಇಡಬೇಕು. ಹರಳು ಕುಸಿದು ಪುಡಿಯಾದರೂ ನೀರು ತಿಳಿಯಾಗಿಯೇ ಇದ್ದರೆ ಸದ್ಯಕ್ಕೆ ಭಯವಿಲ್ಲ; ಅದರ ಸುತ್ತ ಹಾಲಿನಂಥ ಮಬ್ಬು ಹಬ್ಬಿದರೆ ಜೇಡಿ ಚದುರುತ್ತಿದೆ ಎಂದರ್ಥ. ಬೋರ್‌ವೆಲ್ ನೀರು ಬಳಸಬಾರದು, ಅದರಲ್ಲಿರುವ ಉಪ್ಪೇ ಈ ಮಬ್ಬನ್ನು ಅಡಗಿಸಿಬಿಡುತ್ತದೆ.